40,000ದ ಲ್ಯಾಪ್‌ಟಾಪ್: ಯಾವುದಕ್ಕೆ ಜಾಸ್ತಿ ಕೊಟ್ಟೆ, ಯಾವುದನ್ನು ಬೇಡ ಅಂದೆ

ತಂಗಿ ಹಾಸನದಲ್ಲಿ ಬಿ.ಕಾಂ. ಸೇರಿದ್ದು 2024ರಲ್ಲಿ. ಲ್ಯಾಪ್‌ಟಾಪ್‌ಗೆ ಅಂತ ಮನೆಯಲ್ಲಿ 40,000 ರೂಪಾಯಿ ಎತ್ತಿಟ್ಟಿದ್ದರು. ಆರಿಸುವ ಕೆಲಸ ನನ್ನ ಪಾಲಿಗೆ ಬಂತು. ಆ ದುಡ್ಡಿಗೆ ಆಗ ಲ್ಯಾಪ್‌ಟಾಪ್ ಸಿಗುವುದು ಕಷ್ಟ ಇರಲಿಲ್ಲ. ಅದರ ಪಕ್ಕದಲ್ಲೇ ಇಟ್ಟಿರುವ ಇನ್ನೊಂದನ್ನು ಬೇಡ ಅನ್ನುವುದು ಕಷ್ಟ. ಆಗ ಎರಡು ಸಾವಿರ ಹಾಕಿದರೆ ಡಿಸ್ಕ್ ದೊಡ್ಡದು, ಇನ್ನು ಆರು ಸಾವಿರಕ್ಕೆ ಮೆಮೊರಿ, ಅಂದರೆ ರ್‍ಯಾಮ್ ಎರಡರಷ್ಟು, ಇನ್ನೂ ಸ್ವಲ್ಪ ಹಾಕಿದರೆ ಐ5 ಪ್ರೊಸೆಸರ್. ಒಂದೊಂದಾಗಿ ನೋಡಿದರೆ ಎಲ್ಲವೂ ಸರಿ ಅನಿಸುತ್ತದೆ. ಕೂಡಿಸಿ ನೋಡಿದರೆ ಬಿಲ್ಲು 55,000 ಮುಟ್ಟಿರುತ್ತದೆ.

ಅದಕ್ಕೇ ಅಂಗಡಿಗೆ ಹೋಗುವ ಮುಂಚೆ ಎರಡು ಪ್ರಶ್ನೆ ಇಟ್ಟುಕೊಂಡೆ. ಇದು ಅವಳ ಕೆಲಸಕ್ಕೆ ಬರುತ್ತದಾ? ಆಮೇಲೆ ನಾವೇ ಹಾಕಿಸಿಕೊಳ್ಳಲು ಆಗುತ್ತದಾ? ಆಮೇಲೆ ಹಾಕಿಸಬಹುದಾದ್ದಕ್ಕೆ ಕಂಪನಿ ಕೇಳಿದ ಬೆಲೆಯನ್ನು ಈಗಲೇ ಕೊಡಬೇಕಿಲ್ಲ. ಯಾವತ್ತೂ ಬದಲಿಸಲು ಆಗದ್ದಕ್ಕೆ ಮಾತ್ರ ಈಗಲೇ ಕೈ ಬಿಚ್ಚಬೇಕು.

ಮೊದಲ ಪ್ರಶ್ನೆಗೆ ಊಹೆಯ ಉತ್ತರ ಬೇಡ ಅಂತ ಅಳತೆ ಮಾಡಿಯೇ ನೋಡಿದೆ. ನನ್ನ ಹತ್ತಿರ 8 ಜಿಬಿ ರ್‍ಯಾಮ್‌ನ ಹಳೆಯ ಲ್ಯಾಪ್‌ಟಾಪ್ ಇತ್ತು. ಅವಳು ದಿನಾ ಮಾಡುವುದನ್ನೆಲ್ಲ ಅದರಲ್ಲಿ ಒಟ್ಟಿಗೆ ತೆರೆದೆ. ಕ್ರೋಮ್‌ನಲ್ಲಿ ಹತ್ತು ಹನ್ನೆರಡು ಟ್ಯಾಬ್, ಒಂದು ವೀಡಿಯೊ ಕ್ಲಾಸ್, ಎಕ್ಸೆಲ್, ಟ್ಯಾಲಿ, ನೋಟ್ಸ್‌ನ ಪಿಡಿಎಫ್. ಆಮೇಲೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ನೋಡಿದೆ. ಏನಾದರೂ ತೆರೆದಾಗ ಪ್ರೊಸೆಸರ್ ಗೆರೆ ಮೇಲೆ ಹಾರುತ್ತಿತ್ತು, ಮರುಕ್ಷಣ ಇಳಿದು 30% ಒಳಗೇ ಇರುತ್ತಿತ್ತು. ಮೆಮೊರಿ ಮಾತ್ರ 90%ಗೆ ಹೋಗಿ ಅಲ್ಲೇ ಕೂತಿತ್ತು. ಮೆಮೊರಿ ತುಂಬಿದ ಮೇಲೆ ವಿಂಡೋಸ್ ಉಳಿದದ್ದನ್ನು ಡಿಸ್ಕ್‌ಗೆ ತಳ್ಳುತ್ತದೆ. ಡಿಸ್ಕ್ ಎಷ್ಟೇ ವೇಗದ್ದಾದರೂ ರ್‍ಯಾಮ್ ಅಷ್ಟು ವೇಗ ಇಲ್ಲ. ಟ್ಯಾಬ್ ಬದಲಿಸಿದಾಗ ಒಂದು ಕ್ಷಣ ತಡವರಿಸುವುದು ಇದರಿಂದಲೇ. ಅವಳಿಗೆ ಬೇಕಿರುವುದು ರ್‍ಯಾಮ್, ದೊಡ್ಡ ಪ್ರೊಸೆಸರ್ ಅಲ್ಲ ಅಂತ ಅಲ್ಲೇ ಗೊತ್ತಾಯಿತು.

ನೋಡಲು ಹೋಗಿದ್ದು ಬೆಂಗಳೂರಿನ ಎಸ್.ಪಿ. ರೋಡ್‌ಗೆ. ಆನ್‌ಲೈನ್‌ನಲ್ಲಿ ಬೆಲೆ ಹೋಲಿಸಬಹುದು, ಆದರೆ ಸ್ಕ್ರೀನ್ ಮತ್ತು ಕೀಬೋರ್ಡನ್ನು ಕಣ್ಣಲ್ಲಿ ನೋಡಿ, ಕೈಯಲ್ಲಿ ಮುಟ್ಟಿಯೇ ತೆಗೆದುಕೊಳ್ಳಬೇಕು ಅನ್ನುವುದು ನನ್ನ ಹಟ.

ಅಂಗಡಿಯವರು ಮೊದಲು ತೋರಿಸಿದ್ದೇ ಐ5. ನಾನು ನೋಡುತ್ತಿದ್ದ ಐ3-1215ಯು ಮತ್ತು ಅವರು ತೋರಿಸಿದ ಐ5-1235ಯು, ಎರಡೂ ಇಂಟೆಲ್‌ನ 12ನೇ ತಲೆಮಾರಿನ ಪ್ರೊಸೆಸರ್‌ಗಳು. ಎರಡರಲ್ಲೂ ದೊಡ್ಡ ಕೋರ್ (ಪ್ರೊಸೆಸರ್ ಒಳಗೆ ಕೆಲಸ ಮಾಡುವ ಘಟಕ) ಇರುವುದು ಎರಡೇ. ಐ3ಯಲ್ಲಿ ಸಣ್ಣ ಕೋರ್ ನಾಲ್ಕು, ಐ5ನಲ್ಲಿ ಎಂಟು. ವೀಡಿಯೊ ಎಡಿಟ್ ಮಾಡುವವರಿಗೆ, ದೊಡ್ಡ ಪ್ರೋಗ್ರಾಂ ಕಂಪೈಲ್ ಮಾಡುವವರಿಗೆ ಆ ನಾಲ್ಕು ಹೆಚ್ಚಿನ ಕೋರ್ ಉಪಯೋಗಕ್ಕೆ ಬರುತ್ತವೆ. ಟ್ಯಾಲಿಯಲ್ಲಿ ವೋಚರ್ ಹಾಕುವವಳಿಗೆ ಬರುವುದಿಲ್ಲ. ಪ್ರೊಸೆಸರ್ ಆಮೇಲೆ ಬದಲಿಸಲು ಆಗುವುದಿಲ್ಲ, ನಿಜ. ಆದರೆ ಮೊದಲ ಪ್ರಶ್ನೆಯಲ್ಲೇ ಬಿದ್ದುಹೋದ ಮೇಲೆ ಎರಡನೆಯದನ್ನು ಕೇಳಬೇಕಾಗಿಲ್ಲ.

ಐ5ನಲ್ಲಿ ಐರಿಸ್ ಎಕ್ಸ್ಇ ಅನ್ನುವ, ಇನ್ನೂ ಚೆನ್ನಾದ ಗ್ರಾಫಿಕ್ಸ್ ಬರುತ್ತದೆ ಅಂತಲೂ ಹೇಳಿದರು. ಅವರು ತೋರಿಸಿದ್ದರಲ್ಲಿ ಇದ್ದದ್ದು ಒಂದೇ ರ್‍ಯಾಮ್ ಸ್ಟಿಕ್. ಒಂದೇ ಸ್ಟಿಕ್ ಇದ್ದರೆ ಅದೇ ಚಿಪ್ ತನ್ನನ್ನು ಬರೀ ಯುಎಚ್‌ಡಿ ಗ್ರಾಫಿಕ್ಸ್ ಅಂತ ತೋರಿಸುತ್ತದೆ. ಎರಡು ಸ್ಟಿಕ್ ಜೋಡಿಯಾಗಿ ಓಡಿದಾಗಲೇ ಐರಿಸ್ ಎಕ್ಸ್ಇ. ಡಿಸ್‌ಪ್ಲೇಗೆ ಇಟ್ಟಿದ್ದ ಪೀಸ್‌ನಲ್ಲಿ ಡಿವೈಸ್ ಮ್ಯಾನೇಜರ್ ತೆರೆದು ನೋಡಿದೆವು, ಯುಎಚ್‌ಡಿ ಅಂತಲೇ ಇತ್ತು.

"ಹಾಗಾದ್ರೆ ಐ3 ದುಡ್ಡಿಗೇ ರೈಝೆನ್ 5 ಕೊಡ್ತೀನಿ ಮೇಡಂ, ಸುಮ್ನೆ ಐ3 ಯಾಕೆ ತಗೋತೀರಾ?" ಅಂದರು. ಇಲ್ಲಿ ಪೂರ್ತಿ ನಂಬರ್ ಓದಬೇಕು. ಅದು ಎಎಂಡಿ ಕಂಪನಿಯ ಪ್ರೊಸೆಸರ್, ರೈಝೆನ್ 5 7520ಯು. ಎಎಂಡಿಯ ಈ 7000 ಸಾಲಿನಲ್ಲಿ ಮೂರನೇ ಅಂಕಿ ಚಿಪ್‌ನ ಒಳಗಿನ ತಲೆಮಾರು ಹೇಳುತ್ತದೆ. 7520ರಲ್ಲಿ ಅದು 2. ಅಂದರೆ ಝೆನ್ 2, 2019ರಲ್ಲಿ ಬಂದದ್ದು. ಕೋರ್ ನಾಲ್ಕೇ. ಅದೇ 7530ಯು ಆದರೆ ಝೆನ್ 3, ಆರು ಕೋರ್. ಒಂದು ಅಂಕಿಯಲ್ಲಿ ಎಷ್ಟು ವ್ಯತ್ಯಾಸ ನೋಡಿ. ಅದಕ್ಕಿಂತ ಮುಖ್ಯವಾದದ್ದು, 7520ಯು ಜೊತೆ ಬರುವ ರ್‍ಯಾಮ್ ಮದರ್‌ಬೋರ್ಡ್‌ಗೇ ಬೆಸೆದದ್ದು. 8 ಜಿಬಿ ತೆಗೆದುಕೊಂಡರೆ ಕೊನೆಯವರೆಗೂ 8 ಜಿಬಿಯೇ. ನಮಗೆ ಬೇಕಾಗಿದ್ದೇ ರ್‍ಯಾಮ್, ಹಾಗಾಗಿ ಅದನ್ನು ಅಲ್ಲೇ ಬಿಟ್ಟೆ.

ರ್‍ಯಾಮ್ ಸ್ಲಾಟ್ ಇದೆಯಾ ಅಂತ ಬಾಯಿಮಾತಿನಲ್ಲಿ ಕೇಳಿ ನಂಬಬಾರದು. ಟಾಸ್ಕ್ ಮ್ಯಾನೇಜರ್‌ನಲ್ಲಿ ಪರ್ಫಾರ್ಮೆನ್ಸ್, ಅದರಲ್ಲಿ ಮೆಮೊರಿ ಒತ್ತಿದರೆ ಕೆಳಗೆ ಎಷ್ಟು ಸ್ಲಾಟ್‌ನಲ್ಲಿ ಎಷ್ಟು ಬಳಕೆಯಾಗಿದೆ ಅಂತ ಬರುತ್ತದೆ. ಬೆಸೆದ ರ್‍ಯಾಮ್ ಇದ್ದಾಗ ಆ ಲೆಕ್ಕವನ್ನೂ ಪೂರ್ತಿ ನಂಬಲಾಗದು. ಹಾಗಾಗಿ ಕಂಪನಿಯ ಸೈಟಿನಿಂದ ನಾನು ನೋಡುತ್ತಿದ್ದ ಐ3 ಮಾಡೆಲ್‌ನ ಸರ್ವಿಸ್ ಮ್ಯಾನುಯಲ್ ಇಳಿಸಿಕೊಂಡು ಒಳಗಿನ ಚಿತ್ರ ನೋಡಿದೆ. ಎರಡು ಸ್ಲಾಟ್, ಒಂದು ಖಾಲಿ. ನಾವೇ ರ್‍ಯಾಮ್ ಹಾಕಿದರೆ ವಾರಂಟಿ ಹೋಗುತ್ತದಾ ಅಂತ ಕಂಪನಿಗೆ ಇಮೇಲ್‌ನಲ್ಲಿ ಕೇಳಿದೆ. ಇಲ್ಲ, ಆದರೆ ಬಿಚ್ಚುವಾಗ ಏನಾದರೂ ಮುರಿದರೆ ನಮ್ಮ ಹೊಣೆಯಲ್ಲ ಅಂತ ಉತ್ತರ ಬಂತು. ಆ ಇಮೇಲ್ ಇನ್ನೂ ಇಟ್ಟುಕೊಂಡಿದ್ದೇನೆ.

ಆಗ 16 ಜಿಬಿಯ ಮಾಡೆಲ್‌ಗೆ ಕಂಪನಿ ಕೇಳುತ್ತಿದ್ದದ್ದು 6,000 ಜಾಸ್ತಿ. ಅದೇ 8 ಜಿಬಿಯ ಡಿಡಿಆರ್4 ಸ್ಟಿಕ್ ಬಿಡಿಯಾಗಿ 1,800ಕ್ಕೆ ಸಿಕ್ಕಿತು.

ಡಿಸ್ಕ್ ವಿಷಯದಲ್ಲಿ ಲೆಕ್ಕ ಬೇರೆ. 256 ಜಿಬಿ ಸಾಕಾಗುತ್ತಿತ್ತೇನೋ. ಆದರೆ ಆ ಮಾಡೆಲ್‌ನಲ್ಲಿ ಡಿಸ್ಕ್‌ಗೆ, ಅಂದರೆ ಎಸ್‌ಎಸ್‌ಡಿಗೆ, ಒಂದೇ ಸ್ಲಾಟ್. ಅಂದರೆ ಆಮೇಲೆ ಸೇರಿಸುವಂತಿಲ್ಲ, ತೆಗೆದು ಬೇರೆ ಹಾಕಬೇಕು. ಹಳೆಯದು ಮೂಲೆ ಸೇರುತ್ತದೆ, ವಿಂಡೋಸ್ ಮತ್ತೆ ಹಾಕುವ ಕೆಲಸ ಬೇರೆ. 2,000 ಜಾಸ್ತಿ ಕೊಟ್ಟು 512 ತೆಗೆದುಕೊಂಡೆ. ಅದು ಕಂಪ್ಯೂಟರಿನಲ್ಲಿ 476 ಅಂತ ಕಾಣುತ್ತದೆ. ಕಂಪನಿಗಳು ಸಾವಿರದ ಲೆಕ್ಕದಲ್ಲಿ ಎಣಿಸುತ್ತವೆ, ವಿಂಡೋಸ್ 1,024ರ ಲೆಕ್ಕದಲ್ಲಿ ಎಣಿಸುತ್ತದೆ, ಅಷ್ಟೇ. ಇನ್ನೂ ಕಡಿಮೆ ಬೆಲೆಯವುಗಳಲ್ಲಿ ಇಎಂಎಂಸಿ ಅಂತ ಬರೆದಿರುತ್ತಾರೆ. ಅದು ಬೋರ್ಡ್‌ಗೆ ಬೆಸೆದದ್ದು, ನಿಧಾನವೂ ಹೌದು. ಅದರ ಹತ್ತಿರವೂ ಹೋಗಲಿಲ್ಲ.

ಹೆಚ್ಚು ಹೊತ್ತು ಕಳೆದದ್ದು ಸ್ಕ್ರೀನ್ ಮುಂದೆ. ಒಂದೇ ಮಾಡೆಲ್ ಎರಡು ಬಗೆಯಲ್ಲಿ ಇತ್ತು, ಟಿಎನ್ ಮತ್ತು ಐಪಿಎಸ್. ಎರಡೂ ಫುಲ್ ಎಚ್‌ಡಿ, ಹಾಗಾಗಿ ಡಬ್ಬದ ಮೇಲೆ ಓದಿದರೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಪಕ್ಕಪಕ್ಕದಲ್ಲಿ ಇಡಿಸಿ, ಎರಡರಲ್ಲೂ ಒಂದು ಖಾಲಿ ಎಕ್ಸೆಲ್ ಶೀಟ್ ತೆರೆದು, ಸ್ಕ್ರೀನನ್ನು ನಿಧಾನವಾಗಿ ಹಿಂದೆ ಮುಂದೆ ಬಗ್ಗಿಸಿದೆ. ಐಪಿಎಸ್‌ನಲ್ಲಿ ಬಿಳಿ ಬಿಳಿಯಾಗಿಯೇ ಇತ್ತು. ಟಿಎನ್‌ನಲ್ಲಿ ಸ್ವಲ್ಪ ಬಗ್ಗಿಸಿದರೆ ಸಾಕು, ಮೇಲಿನ ಸಾಲುಗಳು ಒಂದು ಬಣ್ಣ, ಕೆಳಗಿನವು ಇನ್ನೊಂದು. ತೆಳು ಬೂದು ಬಣ್ಣದ ಗೆರೆಗಳು ಮಾಯವೇ ಆದವು. ದಿನಾ ಗಂಟೆಗಟ್ಟಲೆ ಅಂಕಿ ನೋಡುವವಳ ಕಣ್ಣಿಗೆ ಇದು ಮೂರು ವರ್ಷದ ಕಾಟ. ಸ್ಕ್ರೀನ್ ಆಮೇಲೆ ಬದಲಿಸಿಕೊಳ್ಳುವ ವಸ್ತುವೂ ಅಲ್ಲ. ಐಪಿಎಸ್‌ಗೆ 1,500 ಜಾಸ್ತಿ ಆಯಿತು. ಇಡೀ ಬಿಲ್ಲಿನಲ್ಲಿ ಒಂದಿಷ್ಟೂ ಯೋಚಿಸದೆ ಕೊಟ್ಟ ದುಡ್ಡು ಅದೊಂದೇ.

ಕೀಬೋರ್ಡ್ ಲೈಟ್ ಶೋಕಿ ಅಂತ ನಾನು ಪಟ್ಟಿಯಲ್ಲೇ ಬರೆದಿರಲಿಲ್ಲ. ತಂಗಿ ಫೋನಿನಲ್ಲಿ ಹೇಳಿದಳು, "ಅಕ್ಕಾ, ಹಾಸ್ಟೆಲ್‌ನಲ್ಲಿ ರೂಮಿಗೆ ಮೂರು ಜನ. ಅವರು ಮಲಗಿದ ಮೇಲೆ ಲೈಟ್ ಹಾಕೋ ಹಾಗಿಲ್ಲ." ಅವಳ ಓದೆಲ್ಲ ರಾತ್ರಿಯೇ. ಕೆಲಸಕ್ಕೆ ಬರುತ್ತದಾ, ಹೌದು. ಆಮೇಲೆ ಹಾಕಿಸಲು ಆಗುತ್ತದಾ, ಸುಲಭಕ್ಕೆ ಇಲ್ಲ. ಐ5ಗೆ ಬೇಡ ಅಂದವಳು ಇದಕ್ಕೆ ಸೈ ಅಂದೆ.

ಆ್ಯಂಟಿವೈರಸ್ ಬೇಡ ಅಂದೆ, ವಿಂಡೋಸ್‌ನಲ್ಲೇ ಡಿಫೆಂಡರ್ ಇದೆ. ಬೇರೆ ಗ್ರಾಫಿಕ್ಸ್ ಕಾರ್ಡ್ ಮಾತೇ ಇಲ್ಲ. ಬಿದ್ದು ಒಡೆದರೆ, ನೀರು ಚೆಲ್ಲಿದರೆ ಮಾಮೂಲಿ ವಾರಂಟಿ ಬರುವುದಿಲ್ಲ. ಹಾಸನದ ಬಸ್ಸಿನಲ್ಲಿ ತುಂಬಿದ ಬ್ಯಾಗ್ ಹೊತ್ತು ಓಡಾಡುವ ಹುಡುಗಿ ಅಂತ ಅದಕ್ಕೆ ಬೇರೆ ಕವರ್ ಮಾಡಿಸಿದೆ, 1,400. ಲ್ಯಾಪ್‌ಟಾಪ್ 36,500, ರ್‍ಯಾಮ್ 1,800, ಎಲ್ಲ ಸೇರಿ 39,700.

ರ್‍ಯಾಮ್ ಹಾಕಿದ್ದು ಮನೆಯ ಊಟದ ಮೇಜಿನ ಮೇಲೆ. ಪೂರ್ತಿ ಶಟ್‌ಡೌನ್ ಮಾಡಿ, ಚಾರ್ಜರ್ ತೆಗೆದು, ಕೆಳಗಿನ ಸ್ಕ್ರೂಗಳನ್ನು ಬಿಚ್ಚಿ ಅವು ಇದ್ದ ಜಾಗದ ಆಕಾರದಲ್ಲೇ ಕಾಗದದ ಮೇಲೆ ಜೋಡಿಸಿಟ್ಟೆ. ಒಂದೊಂದರ ಉದ್ದ ಬೇರೆ ಇರುತ್ತದೆ. ಹಳೆಯ ಎಟಿಎಂ ಕಾರ್ಡನ್ನು ಅಂಚಿನಲ್ಲಿ ತೂರಿಸಿ ಎಳೆದರೆ ಮುಚ್ಚಳ ಟಕಟಕ ಅಂತ ಬಿಡುತ್ತಾ ಬರುತ್ತದೆ. ಮೊದಲು ಬ್ಯಾಟರಿಯ ಕನೆಕ್ಟರ್ ತೆಗೆಯಬೇಕು, ಇದನ್ನು ಬಿಡಲೇಬಾರದು. ಸ್ಟಿಕ್‌ನಲ್ಲಿರುವ ಕಚ್ಚು ಸ್ಲಾಟ್‌ನ ಕಚ್ಚಿಗೆ ಕೂರುವ ಹಾಗೆ ಓರೆಯಾಗಿ ತಳ್ಳಿ, ಕೆಳಕ್ಕೆ ಒತ್ತಿದರೆ ಎರಡೂ ಪಕ್ಕದ ಕ್ಲಿಪ್ ಹಿಡಿದುಕೊಳ್ಳುತ್ತವೆ. ಮೊದಲ ಸಲ ಆನ್ ಮಾಡಿದಾಗ ಸ್ಕ್ರೀನ್ ಸ್ವಲ್ಪ ಹೊತ್ತು ಕಪ್ಪಾಗಿಯೇ ಇತ್ತು. ಹೊಸ ಮೆಮೊರಿಯನ್ನು ಪರೀಕ್ಷಿಸಿಕೊಳ್ಳಲು ಅಷ್ಟು ಸಮಯ ಬೇಕು, ಗಾಬರಿಯಾಗಿ ಆಫ್ ಮಾಡಬಾರದು. ಆಮೇಲೆ ಅದೇ ಟ್ಯಾಬ್, ಅದೇ ಕ್ಲಾಸ್, ಅದೇ ಎಕ್ಸೆಲ್ ತೆರೆದು ನೋಡಿದೆ. ಮೆಮೊರಿ ಅರ್ಧಕ್ಕಿಂತ ಸ್ವಲ್ಪ ಮೇಲಷ್ಟೇ ಇತ್ತು.

2025ರ ಕೊನೆಗೆ ಚಿಕ್ಕಮ್ಮನ ಮಗನಿಗೆ ಇದೇ ಲೆಕ್ಕ ಹಾಕಲು ಕೂತಾಗ ಉತ್ತರ ತಲೆಕೆಳಗಾಯಿತು. ಮೆಮೊರಿ ಮಾಡುವ ಕಂಪನಿಗಳು ಎಐ ಡೇಟಾ ಸೆಂಟರ್‌ಗಳ ಕಡೆ ತಿರುಗಿ, ಬಿಡಿ ರ್‍ಯಾಮ್ ಬೆಲೆ ಹಲವು ಪಟ್ಟು ಜಾಸ್ತಿಯಾಗಿತ್ತು. ಅಂಗಡಿಯಲ್ಲಿದ್ದ ಹಳೆಯ ಸ್ಟಾಕಿನಲ್ಲಿ ಮಾತ್ರ 8ಕ್ಕೂ 16ಕ್ಕೂ ಇನ್ನೂ ಹಳೆಯ ವ್ಯತ್ಯಾಸವೇ ಇತ್ತು. ಬಿಡಿ ಸ್ಟಿಕ್‌ಗಿಂತ ಅದೇ ಅಗ್ಗ. ಹಾಗಾಗಿ ಅವನಿಗೆ ಕಂಪನಿಯೇ ಹಾಕಿದ 16 ಜಿಬಿ ತೆಗೆದುಕೊಂಡೆವು. ಅವನು ಮೆಕ್ಯಾನಿಕಲ್ ಓದುವವನು, ಡಿಸೈನ್ ಸಾಫ್ಟ್‌ವೇರ್ ಬಳಸುತ್ತಾನೆ. ಅದಕ್ಕೆ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್‌ಗೂ ದುಡ್ಡು ಹಾಕಿದೆವು. 16 ಜಿಬಿ ಒಂದೇ ಸ್ಟಿಕ್‌ನಲ್ಲಿ ಇರುವ ಮಾಡೆಲ್ ನೋಡಿ ಆರಿಸಿದೆವು. ಪಕ್ಕದ ಸ್ಲಾಟ್ ಖಾಲಿ ಇದೆ, ರ್‍ಯಾಮ್ ಬೆಲೆ ಇಳಿದ ಮೇಲೆ ಅವನೇ ಹಾಕಿಕೊಳ್ಳುತ್ತಾನೆ.