ಅಸಲಿಗೆ ಸೇರಿದ್ದು 250 ರೂಪಾಯಿ

ನಮ್ಮ ಗೃಹಸಾಲದ ಸ್ಟೇಟ್‌ಮೆಂಟನ್ನು ನಾನು ಸಾಲುಸಾಲಾಗಿ ಓದಿದ್ದು 2023ರ ಮೇ ತಿಂಗಳಲ್ಲಿ, ಅದೂ ಮೊದಲ ಸಲ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಏಕೆಂದರೆ ಲೆಕ್ಕ ಬರೆಯುವುದೇ ನನ್ನ ಹೊಟ್ಟೆಪಾಡು. ಮೈಸೂರಿನಲ್ಲಿ ಔಷಧ ವಿತರಕರೊಬ್ಬರ ಬಳಿ ಹಲವು ವರ್ಷಗಳಿಂದ ಲೆಕ್ಕಪತ್ರ ನೋಡುತ್ತಿದ್ದೇನೆ. ಅಂಗಡಿಗಳಿಂದ ಬರಬೇಕಾದ ಬಾಕಿಯಲ್ಲಿ ಹತ್ತು ರೂಪಾಯಿ ತಾಳೆಯಾಗದಿದ್ದರೂ ನನಗೆ ಊಟ ಸೇರುವುದಿಲ್ಲ. ಸ್ವಂತ ಮನೆಯ ಸಾಲದ ವಿಷಯದಲ್ಲಿ ಮಾತ್ರ, ಐದನೇ ತಾರೀಕು ಖಾತೆಯಲ್ಲಿ ದುಡ್ಡಿದ್ದರೆ ಸಾಕು ಎಂದುಕೊಂಡು ಇಪ್ಪತ್ತು ತಿಂಗಳು ತೆಪ್ಪಗಿದ್ದೆ.

ಆ ತಿಂಗಳು ಕಟ್ಟಿದ ಕಂತು 23,079 ರೂಪಾಯಿ. ಅದರಲ್ಲಿ ಬಡ್ಡಿಗೆ ಹೋದದ್ದು 22,829. ಅಸಲಿಗೆ ಸೇರಿದ್ದು 250.

ಮುದ್ರಣದ ತಪ್ಪು ಎಂದುಕೊಂಡೆ. ತಪ್ಪಲ್ಲ. 2021ರ ಆಗಸ್ಟ್‌ನಲ್ಲಿ ಸಾಲ ಪಡೆದಾಗ ರಿಸರ್ವ್ ಬ್ಯಾಂಕಿನ ರೆಪೊ ದರ, ಅಂದರೆ ಅದು ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿ, ಶೇ 4 ಇತ್ತು. ನಮ್ಮ ಸಾಲದ ಬಡ್ಡಿ ಅದರ ಮೇಲೆ 2.9, ಒಟ್ಟು ಶೇ 6.9. ಮೂವತ್ತು ಲಕ್ಷ, ಇಪ್ಪತ್ತು ವರ್ಷ. 2022ರ ಮೇ ತಿಂಗಳಿನಿಂದ 2023ರ ಫೆಬ್ರುವರಿಯೊಳಗೆ ರೆಪೊ ದರ ಆರು ಸಲ ಏರಿ ಶೇ 6.5ಕ್ಕೆ ಬಂದು ನಿಂತಿತು. ನಮ್ಮ ದರವೂ ಮೂರು ತಿಂಗಳಿಗೊಮ್ಮೆ ಮೆಟ್ಟಿಲು ಹತ್ತುತ್ತಾ ಶೇ 9.4 ಆಯಿತು. ಬ್ಯಾಂಕು ಕಂತನ್ನು ಮುಟ್ಟಲಿಲ್ಲ, ಅವಧಿಯನ್ನು ಎಳೆಯಿತು. ಮೊಬೈಲಿಗೆ ಸಂದೇಶಗಳು ಬಂದಿದ್ದವು, ಓದಿಯೂ ಇದ್ದೆವು. "ಸದ್ಯ, ಕಂತು ಏರಿಲ್ಲವಲ್ಲ" ಎಂದು ಇವರು ಹೇಳಿದ್ದು ನೆನಪಿದೆ, ನಾನು ಹೂಂಗುಟ್ಟಿದ್ದೂ ನೆನಪಿದೆ.

ಅಂದು ರಾತ್ರಿ ಕುಳಿತು ಹಿಂದಿನ ಇಪ್ಪತ್ತು ಕಂತುಗಳನ್ನು ಕೂಡಿಸಿದೆ. ಕಟ್ಟಿದ್ದು 4,61,580 ರೂಪಾಯಿ. ಅಸಲು ಇಳಿದದ್ದು 85,622. ಆ ದರದಲ್ಲಿ ಅದೇ ಕಂತು ಮುಂದುವರಿದರೆ ಸಾಲ ತೀರಲು ಇನ್ನೂ 48 ವರ್ಷ ಬೇಕು. ನನಗೆ ಆಗ ಮೂವತ್ತೊಂಬತ್ತು. ಎಂಬತ್ತೇಳನೇ ವಯಸ್ಸಿನವರೆಗೆ ಯಾವ ಬ್ಯಾಂಕೂ ಕಾಯುವುದಿಲ್ಲ, ನಿಜ, ಒಂದಲ್ಲ ಒಂದು ದಿನ ಕಂತು ಏರಿಸಿಯೇ ಏರಿಸುತ್ತಿತ್ತು. ಆದರೆ ಕಾಗದದ ಮೇಲೆ ಆ ಅಂಕಿ ನೋಡಿದಾಗ ಹೊಟ್ಟೆಯಲ್ಲಿ ಆದ ತಳಮಳಕ್ಕೆ ಅಂಥ ಸಮಾಧಾನವೆಲ್ಲ ನಾಟುವುದಿಲ್ಲ.

ಜೂನ್‌ನಲ್ಲಿ ಶಾಖೆಗೆ ಹೋಗಿ ಅರ್ಜಿ ಕೊಟ್ಟು, ಜುಲೈನಿಂದ ಕಂತನ್ನು 28,000ಕ್ಕೆ ಏರಿಸಿಕೊಂಡೆವು. ಮೊದಲಿನ ಇಪ್ಪತ್ತು ವರ್ಷದ ಗಡುವಿನಲ್ಲೇ ಮುಗಿಯಬೇಕಾದರೆ ಅಷ್ಟು ಬೇಕೇ ಬೇಕಿತ್ತು. ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ನನಗೆ ಆವೇಶ ಬಂದಿತ್ತು. ಮನೆಯಲ್ಲಿದ್ದ ಒಂದೇ ಒಂದು ಎಫ್‌ಡಿ, ಒಂದೂವರೆ ಲಕ್ಷದ್ದು, ಅದನ್ನು ಅವಧಿಗೆ ಮುಂಚೆ ಮುರಿಸಿ ಪೂರ್ತಿ ಅಸಲಿಗೆ ಕಟ್ಟಿಸಿದೆ. ಅವಧಿಗೆ ಮುಂಚೆ ಕಟ್ಟಿದರೆ ದಂಡ ಹಾಕುತ್ತಾರೆ ಎಂದು ಪಕ್ಕದ ಮನೆಯವರು ಹೆದರಿಸಿದ್ದರು. ಬದಲಾಗುವ ದರದ ಗೃಹಸಾಲಕ್ಕೆ ಹಾಗೆ ದಂಡ ಹಾಕಬಾರದೆಂದು ರಿಸರ್ವ್ ಬ್ಯಾಂಕ್ 2012ರಲ್ಲೇ ಬ್ಯಾಂಕುಗಳಿಗೆ ಹೇಳಿದೆ. ದಂಡ ಬೀಳಲಿಲ್ಲ. ಉಳಿದ ಕಂತುಗಳು 216ರಿಂದ 190ಕ್ಕೆ ಇಳಿದವು. ಒಂದೂವರೆ ಲಕ್ಷ ಕೊಟ್ಟು ಇಪ್ಪತ್ತಾರು ಕಂತು, ಅಂದರೆ ಏಳು ಲಕ್ಷಕ್ಕೂ ಹೆಚ್ಚು ಉಳಿಸಿದೆ ಎಂದು ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದೆ.

ಸರಿಯಾಗಿ ಎರಡು ತಿಂಗಳಿಗೆ, ವರಮಹಾಲಕ್ಷ್ಮಿ ಹಬ್ಬದ ವಾರ, ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದರು. ಸೊಂಟದ ಮೂಳೆ ಮುರಿದಿತ್ತು. ಇವರ ಕಾರ್ಖಾನೆಯ ವಿಮೆಯಲ್ಲಿ ಹೆಂಡತಿ ಮಕ್ಕಳಿಗೆ ಜಾಗವಿದೆ, ತಾಯಿಗಿಲ್ಲ. ಕೈಯಲ್ಲಿದ್ದುದು, ಮೈದುನ ಕಳಿಸಿದ್ದು ಎಲ್ಲ ಸೇರಿಸಿದರೂ 80,000 ಕಡಿಮೆ ಬಿತ್ತು. ಎರಡು ತಿಂಗಳ ಹಿಂದೆ ಸಾಲಕ್ಕೆ ಕಟ್ಟಿದ್ದ ಒಂದೂವರೆ ಲಕ್ಷದಲ್ಲಿ ಒಂದು ರೂಪಾಯಿಯನ್ನೂ ಬ್ಯಾಂಕು ಹಿಂದಕ್ಕೆ ಕೊಡುವುದಿಲ್ಲ. ಹೆಚ್ಚಿಗೆ ಹಾಕಿದ್ದನ್ನು ಬೇಕೆಂದಾಗ ತೆಗೆದುಕೊಳ್ಳುವ ಓವರ್‌ಡ್ರಾಫ್ಟ್ ಮಾದರಿಯ ಗೃಹಸಾಲಗಳೂ ಇವೆ, ನಮ್ಮದು ಅದಲ್ಲ. ಹಬ್ಬದ ದಿನ ಲಕ್ಷ್ಮಿಗೆ ತೊಡಿಸಬೇಕಿದ್ದ ನಾಲ್ಕು ಬಳೆಗಳನ್ನು ಅಡವಿಟ್ಟೆ. ಅವನ್ನು ಬಿಡಿಸಿಕೊಂಡದ್ದು 2024ರ ಜನವರಿಯಲ್ಲಿ, ಇವರ ದೀಪಾವಳಿ ಬೋನಸ್ ಪೂರ್ತಿ ಸುರಿದು, ಸಾಲದ್ದಕ್ಕೆ ನನ್ನ ಕಚೇರಿಯಲ್ಲಿ ಮುಂಗಡ ಪಡೆದು.

ಆಸ್ಪತ್ರೆಯಿಂದ ಬಂದ ಮೇಲೆ ಅತ್ತೆ ಒಂದೇ ಮಾತು ಕೇಳಿದರು. "ಅಲ್ಲಮ್ಮ, ಹೊರಗಿನ ಸಾಲ ತೀರಿಸೋದಕ್ಕೆ ಮನೆಯ ಕಣಜ ಗುಡಿಸಿ ಕೊಟ್ಟುಬಿಟ್ಟೆಯಾ?" ಬೈಗುಳವಾಗಿರಲಿಲ್ಲ, ನಿಜಕ್ಕೂ ತಿಳಿದುಕೊಳ್ಳಲು ಕೇಳಿದ್ದರು. ಅವರು ಮಳವಳ್ಳಿಯ ಕಡೆ ಬೇಸಾಯದ ಮನೆಯವರು. ಬಿತ್ತನೆಯ ಕಾಳನ್ನು ಎತ್ತಿಡದೆ ಯಾರ ಬಾಕಿಯನ್ನೂ ತೀರಿಸಬಾರದು ಎಂಬುದು ಅವರಿಗೆ ಯಾರೂ ಹೇಳಿಕೊಡಬೇಕಾದ ಪಾಠವಲ್ಲ.

ಆಮೇಲೆ ಮಾಡಿದ ಕೆಲಸವನ್ನು ನಾನು ಮೊದಲೇ ಮಾಡಬೇಕಿತ್ತು. ತಿಂಗಳ ಖರ್ಚನ್ನು ಬಿಟ್ಟು ವರ್ಷದ ಖರ್ಚನ್ನು ಹಿಡಿದುಕೊಂಡು ಕುಳಿತೆ. ನಮ್ಮಂಥ ಮನೆಗಳಲ್ಲಿ ತಿಂಗಳ ಖರ್ಚು ಅಷ್ಟೇನೂ ದಾರಿ ತಪ್ಪುವುದಿಲ್ಲ. ಬೆನ್ನು ಮುರಿಯುವುದು ವರ್ಷಕ್ಕೊಮ್ಮೆ ಬರುವ, ಬರುವುದು ಮೊದಲೇ ಗೊತ್ತಿರುವ, ಆದರೂ ಪ್ರತಿ ಸಲ ಕಳ್ಳನಂತೆ ನುಗ್ಗುವ ಖರ್ಚುಗಳು. ಮಗಳ ಶಾಲೆಯ ಶುಲ್ಕ 62,000. ಆರೋಗ್ಯ ವಿಮೆ, ಇವರ ಜೀವವಿಮೆ, ಎರಡು ಬೈಕುಗಳ ವಿಮೆ ಎಲ್ಲ ಸೇರಿ 38,000. ಮನೆ ಕಂದಾಯ 6,000, ಅದನ್ನು ಏಪ್ರಿಲ್‌ನಲ್ಲೇ ಕಟ್ಟಿದರೆ ಶೇ 5 ರಿಯಾಯಿತಿ ಇದೆ. ಗೌರಿ ಹಬ್ಬದಿಂದ ದೀಪಾವಳಿಯವರೆಗಿನ ಹಬ್ಬಗಳಿಗೆ 24,000. ಮದುವೆಮನೆಗಳ ಮುಯ್ಯಿ ಮತ್ತು ಊರಿನ ಓಡಾಟಕ್ಕೆ 20,000. ಹಲ್ಲು, ಕಣ್ಣು, ಜ್ವರಕ್ಕೆ 12,000, ಮನೆಯ ರಿಪೇರಿಗೆ 12,000. ಕೂಡಿದರೆ 1,74,000. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 14,500.

ಮುಯ್ಯಿಯ ವಿಷಯದಲ್ಲಿ ಒಂದು ಮಾತು. ಖರ್ಚು ಕಡಿಮೆ ಮಾಡಬೇಕೆನ್ನುವವರು ಮೊದಲು ಕತ್ತರಿ ಹಾಕುವುದು ಅಲ್ಲಿಗೆ. ನಾನು ಹಾಕಲಿಲ್ಲ. ನಮ್ಮ ಗೃಹಪ್ರವೇಶಕ್ಕೆ ಬಂದ ಮುಯ್ಯಿಯ ಪಟ್ಟಿ ಈಗಲೂ ಬೀರುವಿನಲ್ಲಿದೆ, ಪಾತ್ರೆಯಿಂದ ಹಿಡಿದು ಸಾವಿರದೊಂದು ರೂಪಾಯಿಯವರೆಗೆ ಹೆಸರಿನ ಸಮೇತ. ಅದೂ ಸಾಲವೇ, ಬಡ್ಡಿಯಿಲ್ಲ ಅಷ್ಟೆ.

ಆಗ ಇಬ್ಬರ ಕೈಗೆ ಬರುತ್ತಿದ್ದ ಸಂಬಳ 76,000. ಕಂತು 28,000 ಹೋದರೆ 48,000. ವರ್ಷದ ಗಂಟಿಗೆ 14,500 ಎತ್ತಿಟ್ಟರೆ 33,500. ದಿನಸಿ, ಹಾಲು, ತರಕಾರಿಗೆ 15,000. ಪೆಟ್ರೋಲು ಮತ್ತು ಶಾಲೆಯ ವ್ಯಾನಿಗೆ 5,500. ಗ್ಯಾಸು, ನೀರು, ಮೊಬೈಲು ಇತ್ಯಾದಿ 3,000. ಅತ್ತೆಯ ಔಷಧಿ 2,000. ಲೆಕ್ಕಕ್ಕೆ ಸಿಗದ ಚಿಲ್ಲರೆ 4,000. ಉಳಿದದ್ದು 4,000 ರೂಪಾಯಿ. ನಾವು ಹೆಚ್ಚುವರಿಯಾಗಿ ಸಾಲಕ್ಕೆ ಕಟ್ಟಬಹುದಾದದ್ದು ಅಷ್ಟೇ, ಒಂದೂವರೆ ಲಕ್ಷವಲ್ಲ.

ಆ ನಾಲ್ಕು ಸಾವಿರವನ್ನೂ 2024ರಲ್ಲಿ ಸಾಲಕ್ಕೆ ಕಟ್ಟಲಿಲ್ಲ. ವರ್ಷಪೂರ್ತಿ ಬೇರೊಂದು ಖಾತೆಗೆ ಹಾಕಿ, ಬೋನಸ್ಸನ್ನೂ ಸೇರಿಸಿ, ಒಂದು ಲಕ್ಷದ ಹತ್ತಿರ ಮಾಡಿದೆವು. ಅದು ಬಚ್ಚಲಲ್ಲಿ ಜಾರುವವರಿಗಾಗಿ. ಶೇ 9.4ರ ಸಾಲ ಬೆನ್ನ ಮೇಲಿರುವಾಗ ಅದಕ್ಕಿಂತ ಕಡಿಮೆ ಬಡ್ಡಿಯ ಖಾತೆಯಲ್ಲಿ ದುಡ್ಡು ಇಟ್ಟುಕೊಳ್ಳುವುದು ಲೆಕ್ಕದಲ್ಲಿ ನಷ್ಟ ಎಂದು ಕಚೇರಿಯ ಹುಡುಗನೊಬ್ಬ ತಿಳಿಹೇಳಿದ. ಅವನ ಲೆಕ್ಕ ಸರಿಯಾಗಿಯೇ ಇತ್ತು. ಬಳೆ ಬಿಚ್ಚಿಕೊಟ್ಟು ಟೋಕನ್ ಹಿಡಿದು ಕೂತವಳು ನಾನು, ಅವನಲ್ಲ.

ಖರ್ಚು ಇಳಿಸುವ ಪ್ರಯತ್ನಗಳಲ್ಲಿ ಕೆಲವು ಉಳಿದುಕೊಂಡವು, ಕೆಲವು ಮುಗ್ಗರಿಸಿದವು. ತಿಂಗಳ ದಿನಸಿಯನ್ನು ಸಂತೇಪೇಟೆಯಿಂದ ಒಟ್ಟಿಗೆ ತರುವುದು ರೂಢಿಯಾಯಿತು. ಭಾನುವಾರದ ಹೋಟೆಲು ತಿಂಗಳಿಗೊಂದಕ್ಕೆ ಇಳಿಯಿತು. ಮೊಬೈಲಿನಲ್ಲಿ ಇನ್ನೂರು ಮುನ್ನೂರರ ಸಣ್ಣಪುಟ್ಟ ಸಾಮಾನು ತರಿಸುವುದು ನಿಂತದ್ದರಿಂದ ಎಲ್ಲಕ್ಕಿಂತ ಹೆಚ್ಚು ಉಳಿಯಿತು. ಅಷ್ಟು ಸೋರುತ್ತಿತ್ತೆಂದು ಕೂಡಿಸಿ ನೋಡುವವರೆಗೆ ಗೊತ್ತೇ ಇರಲಿಲ್ಲ. ಗೃಹಜ್ಯೋತಿ ಬಂದ ಮೇಲೆ ವಿದ್ಯುತ್ ಬಿಲ್ಲು ಸೊನ್ನೆಯಾದದ್ದು ನಮ್ಮ ಜಾಣತನವಲ್ಲ, ಆದರೂ ಅನುಕೂಲವಾಯಿತು. ಕಾಫಿಪುಡಿಯಲ್ಲಿ ಚಿಕೋರಿ ಹೆಚ್ಚಿಸಿ ನೋಡಿದ್ದೇ ನನ್ನ ದೊಡ್ಡ ಸೋಲು. ನಾಲ್ಕನೇ ದಿನ ಅತ್ತೆ ಲೋಟವನ್ನು ಹಾಗೇ ಇಟ್ಟರು, ಇವರು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಕುಡಿಯುತ್ತೇನೆ ಎಂದರು. ವಾರ ಮುಗಿಯುವುದರೊಳಗೆ ಹಳೆಯ ಪುಡಿ ಡಬ್ಬಿಗೆ ಮರಳಿತು.

2025ರ ಜನವರಿಯಿಂದ ಹೆಚ್ಚುವರಿ ಕಟ್ಟಲು ಶುರು ಮಾಡಿದೆವು. ಅಷ್ಟರಲ್ಲಿ ಇಬ್ಬರ ಸಂಬಳವೂ ಸ್ವಲ್ಪ ಏರಿತ್ತು, ಹಾಗಾಗಿ ತಿಂಗಳಿಗೆ 6,000. ತಿಂಗಳ ಕೊನೆಗೆ ಉಳಿದರೆ ಕಟ್ಟೋಣ ಎಂದರೆ ಉಳಿಯುವುದಿಲ್ಲ. ಐದಕ್ಕೆ ಕಂತು, ಆರಕ್ಕೆ ಗಂಟು, ಏಳಕ್ಕೆ ಹೆಚ್ಚುವರಿ; ಎಂಟರಿಂದ ಮಿಕ್ಕಿದ್ದರಲ್ಲಿ ಸಂಸಾರ.

ಮೊದಲ ತಿಂಗಳೇ ಎಡವಟ್ಟಾಯಿತು. ಸಾಲದ ಖಾತೆ ಸಂಖ್ಯೆಗೆ ನೇರವಾಗಿ 6,000 ಕಳಿಸಿದ್ದೆ. ಒಂದು ಸಲ ಪೆಟ್ಟು ತಿಂದಿದ್ದರಿಂದ ಈ ಸಲ ಸ್ಟೇಟ್‌ಮೆಂಟ್ ತೆಗೆಸಿ ನೋಡಿದೆ. ಆ ದುಡ್ಡು ಅಸಲಿಗೆ ಇಳಿದಿರಲಿಲ್ಲ, ಮುಂದಿನ ಕಂತಿನ ಮುಂಗಡ ಎಂದು ಒಂದು ಮೂಲೆಯಲ್ಲಿ ಕೂತಿತ್ತು. ಶಾಖೆಯ ಅಧಿಕಾರಿ ಸರಿಪಡಿಸಿಕೊಟ್ಟರು. ಭಾಗಶಃ ಅಸಲು ಪಾವತಿ ಎಂದೇ ನಮೂದಿಸಬೇಕು, ಜೊತೆಗೆ ಕಂತು ಇಳಿಸಬೇಕೋ ಅವಧಿ ಇಳಿಸಬೇಕೋ ಎಂಬುದನ್ನೂ ನಾವೇ ಹೇಳಬೇಕು. ನಾವು ಹೇಳಿದ್ದು ಅವಧಿ. ಈಗ ಮೂರು ತಿಂಗಳಿಗೊಮ್ಮೆ ಹೊಸ ಮರುಪಾವತಿ ಪಟ್ಟಿ ತೆಗೆಸಿ ನನ್ನ ಲೆಕ್ಕದ ಜೊತೆ ತಾಳೆ ನೋಡುತ್ತೇನೆ. ಕಚೇರಿಯ ಚಾಳಿ ಕೊನೆಗೂ ಮನೆಗೆ ಬಂತು.

ಆ ವರ್ಷ ದರ ಇಳಿಯತೊಡಗಿತು. ಫೆಬ್ರುವರಿಯಿಂದ ಡಿಸೆಂಬರ್‌ವರೆಗೆ ರೆಪೊ ದರ ಶೇ 6.5ರಿಂದ 5.25ಕ್ಕೆ ಬಂತು. ಈಗ ನಮ್ಮ ಬಡ್ಡಿ ಶೇ 8.15. ಕಂತು ಇಳಿಸಿಕೊಂಡರೆ ಕೈ ಸ್ವಲ್ಪ ಸಡಿಲವಾಗುತ್ತದೆ ಎಂಬುದು ಇವರ ವಾದ. ದರ ಏರಿದಾಗ ಕಂತು ಏರದೆ ಮೋಸಹೋದವರು ನಾವು, ದರ ಇಳಿದಾಗಲೂ ಅದು ಅಲ್ಲೇ ಇರಲಿ, ಈ ಸಲ ಲಾಭ ನಮ್ಮ ಕಡೆಗೆ ಎಂದೆ. ಒಪ್ಪಿದರು. ಮ್ಯೂಚುವಲ್ ಫಂಡ್ ವಿಷಯದಲ್ಲಿ ಮಾತ್ರ ಇನ್ನೂ ಒಪ್ಪಿಲ್ಲ. ಆರು ಸಾವಿರವನ್ನು ತಿಂಗಳು ತಿಂಗಳು ಫಂಡಿಗೆ ಕಟ್ಟುವ ಎಸ್‌ಐಪಿಗೆ ಹಾಕಿದರೆ ಹೆಚ್ಚು ಬೆಳೆಯುತ್ತದೆ ಎನ್ನುತ್ತಾರೆ. ಬೆಳೆಯಬಹುದು. ಸಾಲಕ್ಕೆ ಕಟ್ಟಿದರೆ 8.15 ಉಳಿಯುವುದು ಖಚಿತ, ಅದಕ್ಕೆ ತೆರಿಗೆಯೂ ಇಲ್ಲ. ಸರ್ಕಾರದ ಉಳಿತಾಯ ಯೋಜನೆಯಾದ ಪಿಪಿಎಫ್ ಬಡ್ಡಿಯೇ 7.1. ತೆರಿಗೆ ಉಳಿಸಲು ಗೃಹಸಾಲ ಇರಬೇಕು ಎಂಬ ಹಳೆಯ ಮಾತಿಗೂ ನಮ್ಮ ಮನೆಯಲ್ಲಿ ಅರ್ಥ ಉಳಿದಿಲ್ಲ. 2025–26ರಿಂದ ಆದಾಯ ತೆರಿಗೆಯ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆಯೇ ಬರುವುದಿಲ್ಲ, ಇವರ ಸಂಬಳ ಅದಕ್ಕಿಂತ ಬಹಳ ಕೆಳಗಿದೆ. ಹತ್ತಾರು ಲಕ್ಷದ ವರಮಾನ ಇರುವವರ ಲೆಕ್ಕ ಬೇರೆಯಿರಬಹುದು, ಅದಕ್ಕೆ ನಾನು ತಲೆ ಹಾಕುವುದಿಲ್ಲ.

2025ರ ಏಪ್ರಿಲ್‌ನಲ್ಲಿ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಏರಿತು. ನಮ್ಮ ಮನೆಗೆ ದಿನಕ್ಕೆ ಎರಡು ಲೀಟರ್ ಬೇಕು, ತಿಂಗಳಿಗೆ 240 ರೂಪಾಯಿ ಹೆಚ್ಚು. ಪುಸ್ತಕದಲ್ಲಿ ಬರೆಯುವಾಗ ನಗು ಬಂತು. ಎರಡು ವರ್ಷದ ಹಿಂದೆ ಒಂದು ತಿಂಗಳಲ್ಲಿ ಅಸಲಿಗೆ ಸೇರಿದ್ದೂ ಹೆಚ್ಚುಕಡಿಮೆ ಅಷ್ಟೇ.

ನವೆಂಬರ್‌ನಲ್ಲಿ ಬೋನಸ್ಸಿನಿಂದ 60,000 ಅಸಲಿಗೆ ಕಟ್ಟಿದೆವು, ಈ ಸಲ ಆಪತ್ತಿಗೆಂದು ಎತ್ತಿಟ್ಟ ಖಾತೆಯನ್ನು ಮುಟ್ಟದೆ. ಡಿಸೆಂಬರ್‌ನಲ್ಲಿ ಮೊದಲ ಬಾರಿಗೆ ಬಡ್ಡಿಯನ್ನು ಅಸಲು ದಾಟಿತು. ಕಟ್ಟಿದ 34,000ದಲ್ಲಿ ಬಡ್ಡಿ ಸುಮಾರು 16,900, ಅಸಲು 17,100. ಬಾಕಿ ಈಗ 24 ಲಕ್ಷಕ್ಕಿಂತ ಕೆಳಗಿಳಿದಿದೆ. ದರ ಹೀಗೇ ಇದ್ದು ನಾವೂ ಹೀಗೇ ಕಟ್ಟಿದರೆ ಇನ್ನು ಎಂಟು ವರ್ಷ, 2034ರ ಆರಂಭಕ್ಕೆ ಮುಗಿಯಬೇಕು. ಮೊದಲ ಪಟ್ಟಿಯಲ್ಲಿದ್ದದ್ದು 2041.

ಹೀಗೇ ಕಟ್ಟುವುದು ಆಗದು ಎಂಬುದು ಈಗಾಗಲೇ ಗೊತ್ತಾಗಿದೆ. ಜೂನ್‌ನಲ್ಲಿ ಮಗಳು ಹೈಸ್ಕೂಲಿಗೆ ಸೇರುತ್ತಾಳೆ, ಶುಲ್ಕ 80,000 ಎಂದಿದ್ದಾರೆ. ಹದಿನೆಂಟು ಸಾವಿರ ಹೆಚ್ಚಾದರೆ ಗಂಟಿನ ಪಾಲು ತಿಂಗಳಿಗೆ 1,500 ಏರಬೇಕು. ಹೊಸ ವರ್ಷದ ಪುಸ್ತಕದಲ್ಲಿ ಏಳನೇ ತಾರೀಕಿನ ಮುಂದೆ 6,000 ಅಳಿಸಿ 4,500 ಎಂದು ಬರೆದಿದ್ದೇನೆ, ಪೆನ್ಸಿಲಿನಲ್ಲಿ.