ಹಣ್ಣಿನ ಗ್ರೀನ್ ಟೀ ಮಿಶ್ರಣ: ನಾನು ಹದ ಹಿಡಿಯುವ ಬಗೆ

ಚೆನ್ನಾಗಿ ಒಣಗಿದ ಗ್ರೀನ್ ಟೀ ಎಲೆಯಲ್ಲಿ ತೇವ ಶೇ. 5ರ ಆಸುಪಾಸು ಇರುತ್ತದೆ. ಅಂಗಡಿಯ ಮೆತ್ತನೆಯ ಒಣಹಣ್ಣಿನಲ್ಲಿ ಅದರ ಮೂರ್ನಾಲ್ಕು ಪಟ್ಟು. ಎರಡನ್ನೂ ಒಂದೇ ಡಬ್ಬಿಯಲ್ಲಿ ಮುಚ್ಚಿಟ್ಟರೆ ಹಣ್ಣಿನ ತೇವವನ್ನು ಎಲೆ ಎಳೆದುಕೊಳ್ಳುತ್ತದೆ. ಮೊದಲು ಘಮ ಸಾಯುತ್ತದೆ, ಆಮೇಲೆ ಮುಗ್ಗಲು ವಾಸನೆ, ಕೊನೆಗೆ ಬೂಷ್ಟು. ಮನೆಯಲ್ಲಿ ಬೆರೆಸಿದ ಟೀ ಕೆಡುವುದು ಬಹುಪಾಲು ಹೀಗೆಯೇ. ಹಾಗಾಗಿ ಹಣ್ಣನ್ನು ನಾನೇ ಒಣಗಿಸುತ್ತೇನೆ.

100 ಗ್ರಾಂ ಮಿಶ್ರಣಕ್ಕೆ ನನ್ನ ಅಳತೆ ಇದು: ಗ್ರೀನ್ ಟೀ 65 ಗ್ರಾಂ, ಒಣ ಸೇಬು 15, ಕಿತ್ತಳೆ ಸಿಪ್ಪೆ 8, ನಿಂಬೆಹುಲ್ಲು 7, ಒಣಶುಂಠಿ 3, ರೋಸೆಲ್ 2. ಎಲ್ಲವನ್ನೂ ತೂಕ ಮಾಡಿಯೇ ಹಾಕಬೇಕು. ಚಮಚದ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಒಂದು ಚಮಚ ಶುಂಠಿಗೂ ಒಂದು ಚಮಚ ನಿಂಬೆಹುಲ್ಲಿಗೂ ತೂಕದಲ್ಲಿ ಅಜಗಜಾಂತರ.

ಎಲೆಯ ಆಯ್ಕೆಯಲ್ಲಿ ಜಿಪುಣತನ ಬೇಡ, ದುಂದೂ ಬೇಡ. ಹಬೆಯಲ್ಲಿ ಬೇಯಿಸಿದ, ಜಪಾನಿನ ಸೆಂಚಾದಂಥ ಎಲೆ ಬೇಗ ಒಗರು ಬಿಡುತ್ತದೆ, ಪುಡಿಯೂ ಜಾಸ್ತಿ. ಬಾಣಲೆಯಲ್ಲಿ ಹುರಿದು ತಯಾರಿಸಿದ ಇಡೀ ಎಲೆಯ ಟೀ ಹಣ್ಣಿನ ಜೊತೆ ಹೊಂದಿಕೊಂಡು ಹೋಗುತ್ತದೆ. ತುಂಬ ನಾಜೂಕಾದ ದುಬಾರಿ ಎಲೆ ತಂದರೆ ಅದರ ಸೂಕ್ಷ್ಮವನ್ನು ಶುಂಠಿಯೇ ನುಂಗಿಹಾಕುತ್ತದೆ. ಬೆರೆಸುವ ಮುನ್ನ ಜರಡಿ ಹಿಡಿದು ಪುಡಿ ತೆಗೆಯಿರಿ. ಕಪ್ಪಿನ ಕಹಿಗೆ ಅರ್ಧ ಕಾರಣ ಆ ಪುಡಿ.

15 ಗ್ರಾಂ ಒಣ ಸೇಬು ಬೇಕೆಂದರೆ ಸುಮಾರು 100 ಗ್ರಾಂ ಹಸಿ ತಿರುಳು ಬೇಕು. 5 ಮಿ.ಮೀ. ಹೋಳು ಮಾಡಿ, ಒಂದರ ಮೇಲೊಂದು ಬೀಳದಂತೆ ಹರಡಿ, 60 ಡಿಗ್ರಿಯಲ್ಲಿ 6ರಿಂದ 8 ಗಂಟೆ ಒಣಗಿಸುತ್ತೇನೆ. ಓವನ್ ಆದರೆ ಬಾಗಿಲನ್ನು ಬೆರಳಷ್ಟು ತೆರೆದಿಡಬೇಕು, ಇಲ್ಲದಿದ್ದರೆ ಹೋಳು ತನ್ನ ಹಬೆಯಲ್ಲೇ ಬೇಯುತ್ತದೆ. ಬಿಸಿ ಇರುವಾಗ ಎಂಥ ಹೋಳೂ ಮೆತ್ತಗೇ ಇರುವುದರಿಂದ ಒಂದನ್ನು ಹೊರತೆಗೆದು ಆರಿಸಿ ಮುರಿದು ನೋಡಿ. ಪಟ್ಟನೆ ಮುರಿದರೆ ಹದ ಬಂದಿದೆ. ಬಾಗಿದರೆ ಇನ್ನೊಂದು ಗಂಟೆ. ಉಳಿದದ್ದನ್ನು ಆರಿದ ಕೂಡಲೇ ಡಬ್ಬಿಗೆ ಹಾಕಿ ಮುಚ್ಚಿ, ಹೆಚ್ಚು ಹೊತ್ತು ಗಾಳಿಗೆ ಬಿಟ್ಟರೆ ಮತ್ತೆ ತೇವ ಹಿಡಿಯುತ್ತದೆ. ಒಣದ್ರಾಕ್ಷಿ, ಖರ್ಜೂರಗಳಲ್ಲಿ ಅಂಟು ಹೆಚ್ಚು. ಅವನ್ನು ಈ ಮಿಶ್ರಣಕ್ಕೆ ಸೇರಿಸುವುದೇ ಇಲ್ಲ.

ಸೇಬು ಕೊಡುವುದು ತುಸು ಸಿಹಿ, ಅಷ್ಟೇ. ಘಮ ಬರಬೇಕಾದದ್ದು ಕಿತ್ತಳೆ ಸಿಪ್ಪೆಯಿಂದ. ಹಣ್ಣನ್ನು ಬಿಸಿನೀರಿನಲ್ಲಿ ಉಜ್ಜಿ ಮೇಣ ತೆಗೆದು, ಬಿಳಿ ಭಾಗ ತಾಗದಂತೆ ಹೊರಪದರವನ್ನಷ್ಟೇ ತೆಳ್ಳಗೆ ಹೆರೆಯಬೇಕು. ಬಿಳಿ ಭಾಗ ಬರೀ ಕಹಿ. ಸಿಪ್ಪೆಯನ್ನು ಒಣಗಿಸುವ ಮೊದಲು ಇನ್ನೊಂದು ಕೆಲಸಕ್ಕೆ ಬಳಸಿಕೊಳ್ಳುತ್ತೇನೆ. ಅಗಲ ಪಾತ್ರೆಯಲ್ಲಿ ಒಂದು ಪದರ ಟೀ ಎಲೆ, ಅದರ ಮೇಲೆ ಹಸಿ ಸಿಪ್ಪೆ, ಮತ್ತೆ ಎಲೆ ಹೀಗೆ ಹಾಸಿ ರಾತ್ರಿಯಿಡೀ ಮುಚ್ಚಿಡುವುದು. ಟೀ ಎಲೆ ಸುತ್ತಲಿನ ವಾಸನೆಯನ್ನು ಎಳೆದುಕೊಳ್ಳುತ್ತದೆ. ಮಲ್ಲಿಗೆ ಟೀ ತಯಾರಾಗುವುದೂ ಈ ಗುಣದಿಂದಲೇ. ಬೆಳಿಗ್ಗೆ ಸಿಪ್ಪೆಯನ್ನು ಆರಿಸಿ ತೆಗೆದು, ಎಲೆಯನ್ನು ತೆಳುವಾಗಿ ಹರಡಿ 60 ಡಿಗ್ರಿಯಲ್ಲಿ ಗರಿಗರಿಯಾಗುವವರೆಗೆ, ಅಂದರೆ ಅರ್ಧ ಗಂಟೆಯಷ್ಟು, ಒಣಗಿಸಬೇಕು. ಈ ಹೆಜ್ಜೆ ಬಿಟ್ಟರೆ ಎಲೆಯಲ್ಲಿ ಸಿಪ್ಪೆಯ ತೇವ ಉಳಿದು ಶ್ರಮವೆಲ್ಲ ನೀರುಪಾಲು. ಸಿಪ್ಪೆಯನ್ನು ಬೇರೆಯಾಗಿ 45 ಡಿಗ್ರಿ ಮೀರದಂತೆ ಒಣಗಿಸಿ; ಶಾಖ ಹೆಚ್ಚಿದಷ್ಟೂ ಅದರ ಎಣ್ಣೆ ಹಾರಿಹೋಗುತ್ತದೆ.

ರೋಸೆಲ್ ಎಂದರೆ ದಾಸವಾಳದ ಕುಲದ ಗಿಡವೊಂದರ ಕೆಂಪು ಪುಷ್ಪಪಾತ್ರೆ, ಅಂದರೆ ಹೂವಿನ ಬುಡದ ಹೊದಿಕೆ. ಅಂಗಳದ ದಾಸವಾಳದ ಎಸಳಲ್ಲ. 2 ಗ್ರಾಂ ಎಂದದ್ದು 2 ಗ್ರಾಮೇ. 5 ಗ್ರಾಂ ದಾಟಿದರೆ ಲೋಟದ ಬಣ್ಣ ಕೆಂಪಗಾಗುತ್ತದೆ, ಹುಳಿಯ ಮುಂದೆ ಟೀ ಕಾಣಿಸುವುದೇ ಇಲ್ಲ.

ಎಲ್ಲ ಚೂರುಗಳೂ 3ರಿಂದ 5 ಮಿ.ಮೀ. ಒಳಗಿರಲಿ. ಇಲ್ಲದಿದ್ದರೆ ಸಣ್ಣವು ತಳ ಸೇರಿ, ಮೊದಲ ವಾರ ಬರೀ ಸೇಬಿನ ಕಷಾಯ, ಕೊನೆಯ ವಾರ ಬರೀ ಶುಂಠಿ ಖಾರ ಕುಡಿಯಬೇಕಾಗುತ್ತದೆ. ಶುಂಠಿಯನ್ನು ಜಜ್ಜಿ ತರಿಯಾಗಿಸಿ, ಪುಡಿ ಮಾಡಬೇಡಿ. ಅರಿಶಿನದ ಪುಡಿಯನ್ನೂ ಇದೇ ಕಾರಣಕ್ಕೆ ದೂರವಿಡುತ್ತೇನೆ. ಬೆರೆಸಿದ್ದನ್ನು ಬೆಳಕು ತೂರದ ಬಿಗಿ ಡಬ್ಬಿಯಲ್ಲಿ ಒಂದು ವಾರ ಬಿಟ್ಟರೆ ಘಮಗಳು ಒಂದಕ್ಕೊಂದು ಕೂಡುತ್ತವೆ. ಮೂರನೇ ದಿನ ಒಂದು ಟೀ ಎಲೆ ತೆಗೆದು ಹಿಸುಕಿ ನೋಡಿ. ಪುಡಿಯಾಗದೆ ಮಡಚಿಕೊಂಡರೆ ಎಲ್ಲವನ್ನೂ ಕೂಡಲೇ 45 ಡಿಗ್ರಿಯಲ್ಲಿ ಮತ್ತೊಮ್ಮೆ ಒಣಗಿಸಬೇಕು. ಮೂರು ತಿಂಗಳೊಳಗೆ ಮುಗಿಸುವಷ್ಟೇ ಮಾಡಿಕೊಳ್ಳುವುದು ಲೇಸು.

ಟೀ ಮಾಡುವಾಗ ಇನ್ನೊಂದು ಜಗಳ. ಹಣ್ಣಿಗೆ ಕುದಿನೀರು ಬೇಕು, ಎಲೆಗೆ 80 ಡಿಗ್ರಿ ಸಾಕು. ನಾನು ಎಲೆಯ ಪಕ್ಷ. ಥರ್ಮಾಮೀಟರ್ ಇಲ್ಲದವರು ಮೂರು ಪಾಲು ಕುದಿನೀರಿಗೆ ಒಂದು ಪಾಲು ತಣ್ಣೀರು ಬೆರೆಸಿದರೆ 80ರ ಹತ್ತಿರ ಬರುತ್ತದೆ. 200 ಮಿ.ಲೀ.ಗೆ 3 ಗ್ರಾಂ ಮಿಶ್ರಣ, 3 ನಿಮಿಷ. ಇದರಲ್ಲಿ ಟೀ ಎಲೆ 2 ಗ್ರಾಂನಷ್ಟೇ ಇರುವುದರಿಂದ ಸಾದಾ ಗ್ರೀನ್ ಟೀಗಿಂತ ಹೆಚ್ಚು ಹಾಕಬೇಕಾಗುತ್ತದೆ. ಅದೇ ಚರಟಕ್ಕೆ ಎರಡನೇ ಸಲ 90 ಡಿಗ್ರಿಯ ನೀರು ಹಾಕಿ 4 ನಿಮಿಷ ಬಿಟ್ಟರೆ ಹಣ್ಣು ಆಗ ಬಾಯಿ ಬಿಡುತ್ತದೆ.

ಆರೋಗ್ಯದ ಮಾತಿಗೆ ಬಂದರೆ, ಒಣಹಣ್ಣಿನ ಚೂರಿನಿಂದ ವಿಟಮಿನ್ ಸಿ ನಿರೀಕ್ಷಿಸಬೇಡಿ, ಒಣಗಿಸುವಾಗಲೇ ಬಹಳಷ್ಟು ಹೋಗಿರುತ್ತದೆ. ಗ್ರೀನ್ ಟೀಯ ಆಂಟಿಆಕ್ಸಿಡೆಂಟ್‌ಗಳಾದ ಕ್ಯಾಟೆಕಿನ್‌ಗಳು ಬರುವುದು ಟೀ ಎಲೆಯಿಂದ. ಆಹಾರದ ಕಬ್ಬಿಣಾಂಶವನ್ನು ದೇಹ ಹೀರಿಕೊಳ್ಳಲು ಟೀ ಅಡ್ಡಿ ಮಾಡುತ್ತದೆ, ಆದ್ದರಿಂದ ಊಟಕ್ಕೂ ಇದಕ್ಕೂ ಒಂದು ಗಂಟೆ ಅಂತರವಿರಲಿ. ಸಿಹಿಗೆಂದು ಜ್ಯೇಷ್ಠಮಧು ಸೇರಿಸುವವರಿದ್ದಾರೆ. ಅದು ರಕ್ತದೊತ್ತಡ ಏರಿಸಬಲ್ಲದು, ನನ್ನ ಮಿಶ್ರಣದಲ್ಲಿ ಅದಕ್ಕೆ ಜಾಗವಿಲ್ಲ. ಕೆಫೀನ್ ಆಗದವರು ಸಂಜೆಯ ಮೇಲೆ ಕುಡಿಯದಿರುವುದು ಒಳಿತು.

ಒಗರು ಸ್ವಲ್ಪವೂ ಬೇಡವೆನ್ನುವವರಿಗೆ ತಣ್ಣೀರಿನ ದಾರಿಯಿದೆ: ಒಂದು ಲೀಟರ್ ನೀರಿಗೆ 15 ಗ್ರಾಂ ಹಾಕಿ, ಫ್ರಿಜ್‌ನಲ್ಲಿ 6ರಿಂದ 8 ಗಂಟೆ ಇಟ್ಟು ಸೋಸಿ, ಆ ದಿನವೇ ಕುಡಿದು ಮುಗಿಸಿ.