‘ಕಂಡ್ತಾ?’ ಅಂತ ಕೇಳಿದ್ರೆ ಸಾಲದು

ಚಳ್ಳಕೆರೆ ತಾಲ್ಲೂಕಿನ ಒಂದು ಹಳ್ಳಿಯ ಶಾಲೆ ಮೈದಾನದಲ್ಲಿ ನಾವು ಆರು ಜನ ಗೆಳೆಯರು ಸೇರಿ ಊರಿನವರಿಗೆಲ್ಲ ಆಕಾಶ ತೋರಿಸಿದೆವು. ಅದು 2025ರ ಜನವರಿ 4, ಶನಿವಾರ. ದಿನ ಗೊತ್ತು ಮಾಡುವಾಗ ಊರಿನ ಹಿರಿಯರು ಹುಣ್ಣಿಮೆಗೆ ಇಟ್ಟುಕೊಳ್ಳಿ ಅಂದಿದ್ದರು. ನಾನು ಬೇಡ ಅಂದೆ. ಹುಣ್ಣಿಮೆ ದಿನ ಚಂದ್ರನ ಮೇಲೆ ಬಿಸಿಲು ನೆತ್ತಿಯಿಂದ ಬಿದ್ದ ಹಾಗಿರುತ್ತದೆ. ನೆರಳೇ ಇರುವುದಿಲ್ಲ. ಗುಂಡಿ, ಬೆಟ್ಟ ಎಲ್ಲ ಸುಣ್ಣ ಬಳಿದ ಗೋಡೆ ಥರ ಒಂದೇ ಸಮ ಕಾಣುತ್ತವೆ. ಅಮಾವಾಸ್ಯೆ ಕಳೆದ ಐದಾರು ದಿನಕ್ಕೆ ನೋಡಿದರೆ, ಬೆಳಕು ಕತ್ತಲು ಸೇರುವ ಅಂಚಿನಲ್ಲಿ ಒಂದೊಂದು ಗುಂಡಿಯೂ ನೆರಳು ತುಂಬಿಕೊಂಡು ಎದ್ದು ಕಾಣುತ್ತದೆ. ಇನ್ನೊಂದು ಕಾರಣವೂ ಇತ್ತು. ಆ ಸಂಜೆ ಚಂದ್ರನ ಪಕ್ಕದಲ್ಲೇ ಶನಿ ಗ್ರಹ ಇತ್ತು. ಬೈನಾಕ್ಯುಲರ್‌ನಲ್ಲಿ ಎರಡೂ ಒಟ್ಟಿಗೆ ಸಿಗುವಷ್ಟು ಹತ್ತಿರ.

ನಮ್ಮ ಹತ್ತಿರ ಇದ್ದದ್ದು ಎಂಟು ಇಂಚಿನ ಕನ್ನಡಿಯ ಒಂದು ಡಾಬ್ಸೋನಿಯನ್ ಟೆಲಿಸ್ಕೋಪ್, ಮಸೂರದ ಒಂದು ಚಿಕ್ಕ ಟೆಲಿಸ್ಕೋಪ್, ಸ್ಟ್ಯಾಂಡಿಗೆ ಕೂರಿಸಿದ ಒಂದು ಬೈನಾಕ್ಯುಲರ್. ಡಾಬ್ಸೋನಿಯನ್ ನನಗೆ ತುಂಬಾ ಇಷ್ಟ. ಅಮೆರಿಕದ ಜಾನ್ ಡಾಬ್ಸನ್ ಪ್ಲೈವುಡ್‌ನಿಂದ ಇಂಥ ಸರಳ ಪೀಠ ಮಾಡಿ, ಸ್ಯಾನ್ ಫ್ರಾನ್ಸಿಸ್ಕೋದ ಫುಟ್‌ಪಾತ್ ಮೇಲೆ ದಾರಿಹೋಕರನ್ನು ಕರೆದು ಕರೆದು ಆಕಾಶ ತೋರಿಸುತ್ತಿದ್ದರು. ಮೋಟಾರ್ ಇಲ್ಲ, ವೈರ್ ಇಲ್ಲ. ಲಗೇಜ್ ಆಟೋದಲ್ಲಿ ಹಾಕಿಕೊಂಡು ಹೋಗಬಹುದು. ಆದರೆ ಮಣ್ಣು ರಸ್ತೆಯಲ್ಲಿ ಕುಲುಕಿ ಬಂದ ಮೇಲೆ ಕನ್ನಡಿ ಅಲುಗಿರುತ್ತದೆ, ತಿರುಪು ತಿರುಗಿಸಿ ಸರಿ ಮಾಡಲೇಬೇಕು. ಸಂಜೆ ಐದಕ್ಕೇ ಅದನ್ನು ಮುಗಿಸಿ, ದೂರದ ನೀರಿನ ಟ್ಯಾಂಕಿನ ತುದಿಗೆ ಗುರಿ ಇಟ್ಟು ಫೈಂಡರ್ (ಗುರಿ ಹಿಡಿಯಲು ಕೊಳವೆಯ ಮೇಲಿರುವ ಪುಟ್ಟ ದುರ್ಬೀನು) ಹೊಂದಿಸಿಕೊಂಡೆವು. ಕತ್ತಲಾದ ಮೇಲೆ ಜನರ ನಡುವೆ ಈ ಕೆಲಸ ಆಗುವುದಿಲ್ಲ.

ಇನ್ನೂರಕ್ಕೂ ಜಾಸ್ತಿ ಜನ ಬಂದರು. ಒಬ್ಬರಿಗೆ ಒಂದು ನಿಮಿಷ ಅಂದರೂ ಒಂದು ಟೆಲಿಸ್ಕೋಪಿನಲ್ಲಿ ಇನ್ನೂರು ಜನ ನೋಡಲು ಮೂರು ಗಂಟೆ ಇಪ್ಪತ್ತು ನಿಮಿಷ ಬೇಕು. ಅದೂ ಒಂದೇ ಒಂದು ವಸ್ತುವನ್ನು! ಹಿಂದೊಮ್ಮೆ ಬೇರೆ ಕಡೆ ಹತ್ತು ವಸ್ತುಗಳ ಪಟ್ಟಿ ಹಿಡಿದು ಹೋಗಿ, ಎಲ್ಲರನ್ನೂ ಹತ್ತು ಸೆಕೆಂಡಿಗೆ ಸಾಗಹಾಕಿದ್ದೆವು. ಅದು ತಪ್ಪು. ಈ ಸಲ ಮೂರೇ ಇಟ್ಟುಕೊಂಡೆವು: ಚಂದ್ರ, ಶನಿ, ಗುರು. ಬೇಗ ಬಂದ ಮಕ್ಕಳಿಗೆ ಮಾತ್ರ ಶುಕ್ರ ತೋರಿಸಿದೆ. ಅವತ್ತು ಅದು ಥೇಟ್ ಅರ್ಧಚಂದ್ರನ ಹಾಗೆ ಇತ್ತು.

ಏಳು ಗಂಟೆಗೆ ಬಸ್ ಸ್ಟ್ಯಾಂಡಿನ ಹೈಮಾಸ್ಟ್ ದೀಪ ಹೊತ್ತಿಕೊಂಡಿತು. ಆರಿಸುವುದಾಗಿ ಮೊದಲೇ ಮಾತು ಕೊಟ್ಟಿದ್ದವರ ಫೋನ್ ಸಿಗಲಿಲ್ಲ. ಮೈದಾನವೆಲ್ಲ ಬೆಳ್ಳಗಾಯಿತು. ಊರಿನ ಹುಡುಗರೇ ಮುಂದೆ ಬಂದು, ಟೆಲಿಸ್ಕೋಪ್‌ಗಳನ್ನು ಹೊತ್ತು ಶಾಲೆ ಹಿಂದಿನ ನೆರಳಿಗೆ ತಂದಿಟ್ಟರು. ಟಾರ್ಚ್‌ಗಳಿಗೆ ಕೆಂಪು ಜಿಲೇಟಿನ್ ಕಾಗದ ಸುತ್ತಿದ್ದೆವು. ಕಣ್ಣು ಕತ್ತಲಿಗೆ ಪೂರ್ತಿ ಹೊಂದಿಕೊಳ್ಳಲು ಇಪ್ಪತ್ತು ಮೂವತ್ತು ನಿಮಿಷ ಬೇಕು. ಒಂದು ಮೊಬೈಲ್ ಬೆಳಕು ಅದನ್ನು ಒಂದೇ ಕ್ಷಣಕ್ಕೆ ಕೆಡಿಸುತ್ತದೆ.

ಇಷ್ಟೆಲ್ಲ ಮಾಡಿಕೊಂಡರೂ ಒಂದು ತೊಂದರೆ ಇದ್ದೇ ಇರುತ್ತದೆ. ಎಷ್ಟೋ ಜನ ಏನೂ ಕಾಣದಿದ್ದರೂ ‘ಕಂಡ್ತು’ ಅಂದುಬಿಡುತ್ತಾರೆ. ಹಿಂದೆ ಜನ ಕಾಯುತ್ತಿದ್ದಾರೆ, ತೋರಿಸುವವರಿಗೆ ಬೇಜಾರಾಗಬಾರದು ಅನ್ನುವ ಸಂಕೋಚ. ಅದಕ್ಕೇ ನಾನು ‘ಕಂಡ್ತಾ?’ ಅಂತ ಕೇಳುವುದನ್ನು ಬಿಟ್ಟಿದ್ದೇನೆ. ‘ಗುಂಡಿಗಳು ಯಾವ ಅಂಚಿನಲ್ಲಿ ಜಾಸ್ತಿ ಇವೆ?’, ‘ಗುರುವಿನ ಆಚೆ ಈಚೆ ಎಷ್ಟು ಚುಕ್ಕಿ ಇವೆ?’ (ಅವು ಗುರುವಿನ ಚಂದ್ರರು) ಅಂತ ಕೇಳುತ್ತೇನೆ. ಉತ್ತರ ಬರದಿದ್ದರೆ ನೋಡಿಲ್ಲ ಅಂತಲೇ ಅರ್ಥ. ಆಗ ನಾನೇ ಕಣ್ಣಿಟ್ಟು ನೋಡುತ್ತೇನೆ. ಬಹಳ ಸಲ ವಸ್ತುವೇ ಜಾರಿಹೋಗಿರುತ್ತದೆ. ಭೂಮಿ ತಿರುಗುತ್ತದಲ್ಲ, 120 ಪಟ್ಟು ದೊಡ್ಡದು ಮಾಡಿದಾಗ ಗ್ರಹವೊಂದು ಈ ಕೊನೆಯಿಂದ ಆ ಕೊನೆಗೆ ಎರಡು ನಿಮಿಷವೂ ನಿಲ್ಲುವುದಿಲ್ಲ. ಇಬ್ಬರು ನೋಡಿದ ಮೇಲೆ ಕೊಳವೆಯನ್ನು ಕೂದಲೆಳೆಯಷ್ಟು ಸರಿಸಲೇಬೇಕು. ಇನ್ನು ಕೆಲವು ಸಲ ಮಕ್ಕಳು ಕೊಳವೆಗೆ ಜೋತುಬಿದ್ದಿರುತ್ತಾರೆ. ಅದಕ್ಕೆ ಪಕ್ಕದಲ್ಲಿ ಒಂದು ಕುರ್ಚಿ ಇಟ್ಟು, ‘ಎರಡೂ ಕೈ ಕುರ್ಚಿ ಬೆನ್ನಿನ ಮೇಲೆ ಇಡ್ರಪ್ಪಾ’ ಅನ್ನುತ್ತೇನೆ.

ರೈತರಿಗೆ ತೋರಿಸುವುದರಲ್ಲಿ ಬೇರೆಯದೇ ಖುಷಿ ಇದೆ. ‘ರೋಹಿಣಿ ಮಳೆ ಬಂದ್ರೆ ಓಣಿಯೆಲ್ಲ ಜೋಳ’ ಅನ್ನುವ ಮಾತು ಅವರಿಗೆ ಬಾಯಿಪಾಠ. ಆದರೆ ರೋಹಿಣಿ ನಕ್ಷತ್ರ ಯಾವುದು ಅಂತ ಕೇಳಿದರೆ ಅಲ್ಲಿದ್ದವರಲ್ಲಿ ಒಬ್ಬರೂ ಕೈ ತೋರಿಸಲಿಲ್ಲ. ಅದು ಅವರ ತಪ್ಪಲ್ಲ. ಸೂರ್ಯ ರೋಹಿಣಿಯ ದಿಕ್ಕಿನಲ್ಲಿರುವಾಗ, ಅಂದರೆ ಮೇ ಕೊನೆ ಜೂನ್ ಮೊದಲಲ್ಲಿ ಬೀಳುವುದೇ ರೋಹಿಣಿ ಮಳೆ. ಆಗ ಆ ನಕ್ಷತ್ರ ಸೂರ್ಯನ ಜೊತೆಗೇ ಹುಟ್ಟಿ ಜೊತೆಗೇ ಮುಳುಗುತ್ತದೆ. ಮಳೆ ಬರುವಾಗ ಅದು ಕಾಣುವುದೇ ಇಲ್ಲ! ನೋಡಬೇಕಾದರೆ ಹೀಗೆ ಚಳಿಗಾಲದ ರಾತ್ರಿಯೇ ಬೇಕು. ಅವತ್ತು ಗುರು ಗ್ರಹ ಅದರ ಹತ್ತಿರವೇ ಇದ್ದದ್ದರಿಂದ ಗುರುತಿಸುವುದು ಸುಲಭವಾಯಿತು. ‘ಆ ದೊಡ್ಡ ಬೆಳ್ಳಗಿನ ಚುಕ್ಕಿಯ ಹತ್ತಿರ ಕೆಂಪಗೆ ಒಂದಿದೆ ನೋಡಿ, ಅದೇ ರೋಹಿಣಿ’ ಅಂದೆ. ಅದರಾಚೆ ಗೊಂಚಲಾಗಿ ಕೃತ್ತಿಕೆ. ಈ ಕಡೆ ಮೃಗಶಿರಾ, ಆರಿದ್ರೆ. ಮಳೆ ನಕ್ಷತ್ರಗಳೆಲ್ಲ ಸಾಲಾಗಿ ನಿಂತಿದ್ದವು. ಒಬ್ಬರು ಬೀಡಿ ಆರಿಸಿ ಬಹಳ ಹೊತ್ತು ಕತ್ತೆತ್ತಿ ನೋಡುತ್ತಾ ನಿಂತರು. ಇದಕ್ಕೆ ಟೆಲಿಸ್ಕೋಪೂ ಬೇಕಿರಲಿಲ್ಲ.

ಶನಿಯ ಸಾಲಿನಲ್ಲಿ ಮಾತ್ರ ಹಿಂಜರಿಕೆ ಇತ್ತು. ಒಬ್ಬ ಅಜ್ಜಿ ಮೊಮ್ಮಗಳ ಕೈ ಹಿಡಿದು ಬಂದಿದ್ದರು. ‘ಶನಿವಾರದ ದಿನ ಶನಿಮಾತ್ಮನ್ನ ಹಿಂಗೆ ಇಣುಕಿ ನೋಡಬೌದೇನಪ್ಪಾ?’ ಅಂತ ಕೇಳಿದರು. ನಾನು ವಾದ ಮಾಡಲಿಲ್ಲ. ‘ಅಜ್ಜಿ, ಸೂರ್ಯ ಮುಳುಗೋ ಹೊತ್ತಿಗೆ ಅಲ್ಲಿಂದ ಹೊರಟ ಬೆಳಕು ಒಂದು ಗಂಟೆ ಇಪ್ಪತ್ತು ನಿಮಿಷ ಪ್ರಯಾಣ ಮಾಡಿ ಈಗ ನಮ್ಮೂರಿಗೆ ಬಂದು ತಲುಪಿದೆ. ಅಷ್ಟು ದೂರದಿಂದ ಬಂದಿದೆ, ನೋಡಲ್ವಾ?’ ಅಂದೆ. ಅಜ್ಜಿ ಕೈ ಮುಗಿದು ಬಗ್ಗಿದರು. ತಕ್ಷಣ ಎದ್ದು ‘ಕಂಡ್ತಪ್ಪಾ’ ಅಂದರು.

‘ಹೆಂಗಿತ್ತಜ್ಜಿ?’

‘ಕತ್ಲು ಕಂಡ್ತು.’

ಯಾವ ಕಣ್ಣು ಚೆನ್ನಾಗಿ ಕಾಣುತ್ತದೆ ಅಂತ ಕೇಳಿದೆ. ಪೊರೆ ತೆಗೆಸಿದ್ದು ಬಲಗಣ್ಣು. ಅವರು ನೋಡಿದ್ದು ಎಡಗಣ್ಣಿನಲ್ಲಿ. ಸ್ಟೂಲ್ ತಂದು ಕೂರಿಸಿ, ಮೊಮ್ಮಗಳ ಕೈಯಿಂದ ಎಡಗಣ್ಣು ಮುಚ್ಚಿಸಿದೆ. ‘ನಿಧಾನ, ಯಾರೂ ಅವಸರ ಮಾಡಲ್ಲ’ ಅಂದೆ. ಸಾಲಿನಲ್ಲಿದ್ದವರೂ ಸುಮ್ನೆ ಕಾದರು. ಅಜ್ಜಿ ಉಸಿರು ಬಿಗಿ ಹಿಡಿದು ಕೂತಿದ್ದರು. ಎಷ್ಟೋ ಹೊತ್ತಾದ ಮೇಲೆ, ಕಣ್ಣು ತೆಗೆಯದೇ ಹೇಳಿದರು: ‘ಸೂಜಿಗೆ ಪೋಣಿಸಿದ ಮಣಿ ಇದ್ದಂಗೈತೆ.’

ಅದಕ್ಕಿಂತ ಸರಿಯಾಗಿ ಹೇಳಲು ಸಾಧ್ಯವಿರಲಿಲ್ಲ. ಸುಮಾರು ಹದಿನೈದು ವರ್ಷಕ್ಕೊಮ್ಮೆ ಶನಿಯ ಬಳೆ ನಮಗೆ ಅಂಚಿನ ಕಡೆಯಿಂದ ಕಾಣುತ್ತದೆ. 2025ರ ಮಾರ್ಚ್‌ನಲ್ಲಿ ಆಗುವುದಿತ್ತು. ಜನವರಿಗಾಗಲೇ ಬಳೆ ತೆಳುವಾದ ಗೆರೆಯಾಗಿತ್ತು. ಪುಸ್ತಕದ ಚಿತ್ರದಲ್ಲಿರುವ ಅಗಲವಾದ ಬಳೆ ಹುಡುಕಿಕೊಂಡು ಬಂದ ಮಕ್ಕಳು ‘ಬಳೆ ಎಲ್ಲಿ ಸಾರ್?’ ಅಂತ ಸಂಜೆಯಿಂದ ಕೇಳುತ್ತಲೇ ಇದ್ದರು. ಅಜ್ಜಿ ಎದ್ದ ಮೇಲೆ, ಮುಂದಿನ ಹುಡುಗನಿಗೆ ‘ಸೂಜಿಗೆ ಪೋಣಿಸಿದ ಮಣಿ ಹುಡುಕು’ ಅಂದೆ. ಕಣ್ಣಿಟ್ಟವನೇ ‘ಸಿಕ್ತು ಸಾರ್!’ ಅಂದ. ಸೂಜಿ ಯಾವ ಕಡೆಗೆ ವಾಲಿದೆ ಅಂತ ಕೇಳಿದೆ. ಕತ್ತಲಲ್ಲೇ ಕೈ ಓರೆ ಮಾಡಿ ತೋರಿಸಿದ.